ಕರಿಹಲಗೆಯ ಕಪ್ಪು, ಮುಪ್ಪಿನ ನಡುಕ

ಹಾನಗಲ್ಲ, ಹಿರೇಕೆರೂರ ಕಡೆಯ ಕನ್ನಡ ಶಾಲೆಗಳಲ್ಲಿ ಓದಿದ ಹಿರಿಯರಿಗೆ ಒಂದು ಕೆಲಸ ನೆನಪಿರಬೇಕು. ಇನ್‌ಸ್ಪೆಕ್ಟರು ಬರುವ ಮುನ್ನಾದಿನ ಕರಿಹಲಗೆಗೆ ಕಪ್ಪು ಬಳಿಯುವ ಕೆಲಸ. ಮಕ್ಕಳು ಮನೆಯಿಂದ ತೀರಿಹೋದ ಬ್ಯಾಟರಿ ಶೆಲ್ಲು ತರುತ್ತಿದ್ದರು. ಅವನ್ನು ಕಲ್ಲಿನಿಂದ ಒಡೆದು, ನಡುವಿನ ಇದ್ದಿಲ ಕಡ್ಡಿಯನ್ನು ಆಟಕ್ಕೆಂದು ಕಿಸೆಗೆ ಹಾಕಿಕೊಂಡು, ಸುತ್ತಲಿನ ಕರಿಪುಡಿಯನ್ನು ಹಸಿ ಸೊಪ್ಪಿನ ರಸದಲ್ಲಿ ಕಲಸಿ ಹಲಗೆಗೆ ತಿಕ್ಕುತ್ತಿದ್ದರು. ಕೈಗೆ, ಮೂಗಿಗೆ, ಅಂಗಿಗೆ ಹತ್ತಿದ ಆ ಕಪ್ಪು ಎರಡು ದಿನವಾದರೂ ಹೋಗುತ್ತಿರಲಿಲ್ಲ.

ಆ ಕರಿಪುಡಿಯ ಮುಖ್ಯ ಭಾಗ ಮ್ಯಾಂಗನೀಸ್ ಡೈಆಕ್ಸೈಡ್. ವರ್ಷಕ್ಕೊಮ್ಮೆ ನಾಲ್ಕು ಶೆಲ್ಲು ಒಡೆದದ್ದರಿಂದ ಯಾರಿಗೂ ನಡುಕ ಬಂದಿರಲಾರದು, ಆ ಭಯ ಬೇಡ. ಆದರೆ ಇದೇ ಪುಡಿಯನ್ನು ದಿನವಿಡೀ, ವರ್ಷಗಟ್ಟಲೆ ಉಸಿರಿನಲ್ಲಿ ಎಳೆದುಕೊಂಡವರ ಕಥೆ ಬೇರೆ. ಸ್ಕಾಟ್ಲೆಂಡಿನಲ್ಲಿ ಆರಂಭವಾದ ಆ ಕಥೆ ಮೊರಾಕ್ಕೊ, ಚಿಲಿ ದೇಶಗಳ ಗಣಿಗಳನ್ನು ಹಾದು ಬರುತ್ತದೆ. ಅದು ನಮ್ಮೂರ ಕಟ್ಟೆಯ ಮೇಲೆ, ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕುಳಿತ ಹಿರಿಯರವರೆಗೂ ಬರುತ್ತದೆಯೆ ಎಂಬುದು ಇಲ್ಲಿ ಕೇಳಬೇಕೆಂದಿರುವ ಪ್ರಶ್ನೆ.

ಆ ಹಿರಿಯರ ಕಾಯಿಲೆಗೆ ಹೆಸರು ಕೊಟ್ಟ ಗ್ರಂಥ ಹೊರಬಂದದ್ದು 1817ರಲ್ಲಿ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ‘ನಡುಕದ ಪಾರ್ಶ್ವವಾಯು’ವಿನ ಕುರಿತು ಒಂದು ಸಣ್ಣ ಪುಸ್ತಕ ಬರೆದ. ಅದರಲ್ಲಿರುವುದು ಕೇವಲ ಆರು ಜನರ ವಿವರ. ಅವರಲ್ಲಿ ಕೆಲವರನ್ನು ಆತ ಚಿಕಿತ್ಸೆಗೆಂದು ಕಂಡವನೂ ಅಲ್ಲ. ಬೀದಿಯಲ್ಲಿ ಹೋಗುತ್ತಿದ್ದವರನ್ನು ನೋಡಿ, ನಿಲ್ಲಿಸಿ ಮಾತನಾಡಿಸಿ ಬರೆದುಕೊಂಡದ್ದು. ಸುಮ್ಮನಿದ್ದಾಗ ನಡುಗುವ ಕೈ, ಮುಂದಕ್ಕೆ ಬಾಗಿದ ಮೈ, ನಡೆಯಲು ಹೋಗಿ ಓಡುವಂತಾಗುವ ಹೆಜ್ಜೆ. ಇವನ್ನು ಗುರುತಿಸಲು ಆತನಿಗೆ ಕಣ್ಣಷ್ಟೇ ಸಾಕಾಗಿತ್ತು. ಮುಂದೆ ಫ್ರಾನ್ಸಿನ ಶಾರ್ಕೊ ಈ ಕಾಯಿಲೆಗೆ ಪಾರ್ಕಿನ್ಸನ್ನನ ಹೆಸರನ್ನೇ ಇಟ್ಟ. ನಮ್ಮ ಆಯುರ್ವೇದದಲ್ಲಿ ಕಂಪವಾತ ಎಂಬ ಮಾತು ಅದಕ್ಕಿಂತ ಬಹಳ ಹಳೆಯದು.

ಪಾರ್ಕಿನ್ಸನ್ನನ ಪುಸ್ತಕ ಬಂದು ಇಪ್ಪತ್ತು ವರ್ಷಗಳ ಮೇಲೆ, 1837ರಲ್ಲಿ, ಗ್ಲಾಸ್ಗೋ ನಗರದ ಜಾನ್ ಕೂಪರ್ ಎಂಬ ವೈದ್ಯ ಇನ್ನೊಂದು ವಿಚಿತ್ರ ಕಾಯಿಲೆಯ ಬಗ್ಗೆ ಬರೆದ. ಬಟ್ಟೆ ಬಿಳುಪು ಮಾಡುವ ಪುಡಿಯ ತಯಾರಿಕೆಗೆ ಕ್ಲೋರಿನ್ ಬೇಕು, ಆ ಕ್ಲೋರಿನ್ ತೆಗೆಯಲು ಮ್ಯಾಂಗನೀಸಿನ ಕಪ್ಪು ಅದಿರನ್ನು ಅರೆಯಬೇಕು. ಹಾಗೆ ಅರೆಯುತ್ತಿದ್ದ ಕೂಲಿಗಳ ಕಾಲು ಸೋಲುತ್ತಿದ್ದವು, ಮೈ ಮುಂದಕ್ಕೆ ವಾಲುತ್ತಿತ್ತು, ಬಾಯಿಂದ ಜೊಲ್ಲು ಸುರಿಯುತ್ತಿತ್ತು, ದನಿ ಕ್ಷೀಣಿಸಿ ಮಾತು ಕೇಳದಾಗುತ್ತಿತ್ತು. ಲ್ಯಾಂಕಾಶೈರಿನ ಬಿಳಿಬಟ್ಟೆಯ ಬಿಳುಪಿನ ಹಿಂದೆ ಇದೂ ಇತ್ತು. ಮುಂದಿನ ದಶಕಗಳಲ್ಲಿ ಧಾರವಾಡದ ಹತ್ತಿಯೂ ಅದೇ ಲ್ಯಾಂಕಾಶೈರಿನ ಗಿರಣಿಗಳಿಗೆ ಹಡಗೇರಿ ಹೋಯಿತೆಂಬುದನ್ನು ಇಲ್ಲಿ ನೆನೆಯಬಹುದು.

ಕೂಪರನ ಬರಹವನ್ನು ಬಹುಕಾಲ ಯಾರೂ ಗಮನಿಸಲಿಲ್ಲ. 1901ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಅದಿರು ಅರೆಯುವ ಗಿರಣಿಯ ಕೆಲಸಗಾರರಲ್ಲಿ ಅದೇ ಚಿಹ್ನೆಗಳು ಕಂಡಾಗ, ವೈದ್ಯರು ಇದನ್ನು ಹೊಸ ಕಾಯಿಲೆಯೆಂದೇ ಭಾವಿಸಿದ್ದರು.

ಲೋಹದ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. ಇಂದಿನ ಹಾವೇರಿ ಜಿಲ್ಲೆ 1997ರಲ್ಲಿ ಧಾರವಾಡದಿಂದ ಬೇರೆಯಾದದ್ದು. ಬ್ರಿಟಿಷರ ಕಾಲದಲ್ಲಿ ಶಿಗ್ಗಾಂವಿ ಸೀಮೆಗೆ ಬಂಕಾಪುರ ತಾಲ್ಲೂಕೆಂದೂ ಹಿರೇಕೆರೂರಕ್ಕೆ ಕೋಡ ತಾಲ್ಲೂಕೆಂದೂ ಹೆಸರಿತ್ತು, ಸವಣೂರ ನವಾಬರ ಸಂಸ್ಥಾನವಾಗಿತ್ತು. ಹಾನಗಲ್ಲ ಕದಂಬರ ಕಾಲದ ಪಾನುಂಗಲ್ಲು. ಇವೆಲ್ಲಕ್ಕಿಂತ ಹಿಂದೆ, ಆಗಿನ ಹಿರೇಕೆರೂರ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿನ ಹಳ್ಳೂರಿನಲ್ಲಿ ಕಬ್ಬಿಣ ಬಳಸುವ ಜನ ಇದ್ದರು. 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಲ್ಲಿ ಉತ್ಖನನ ನಡೆಸಿದಾಗ ಕಬ್ಬಿಣದ ಬಾಣದ ಮೊನೆಗಳು ಸಿಕ್ಕವು. ರೇಡಿಯೋ ಕಾರ್ಬನ್ ಲೆಕ್ಕದ ಪ್ರಕಾರ ಅವುಗಳ ಕಾಲ ಸುಮಾರು ಕ್ರಿ.ಪೂ. 1000. ದಕ್ಷಿಣ ಭಾರತದಲ್ಲಿ ಕಬ್ಬಿಣದ ಆರಂಭವನ್ನು ಅಷ್ಟು ಹಿಂದಕ್ಕೆ ಒಯ್ದ ಮೊದಮೊದಲ ಸ್ಥಳಗಳಲ್ಲಿ ಹಳ್ಳೂರು ಒಂದು.

ಅಂದಿನಿಂದ ಮೂರು ಸಾವಿರ ವರ್ಷ ಕಂಬಾರರ ಕುಲುಮೆ ಊರ ಅಂಚಿನಲ್ಲಿ ಉರಿಯಿತು. ಕುಲುಮೆಯ ಹೊಗೆ ಕುಡಿದ ಕಂಬಾರನಿಗೂ ಕಲಾಯಿ ಹಾಕುವವನಿಗೂ ಏನಾಗುತ್ತಿತ್ತೆಂದು ಯಾರೂ ಬರೆದಿಡಲಿಲ್ಲ. ಆದರೆ ಒಂದು ಮಾತು ಹೇಳಬಹುದು. ಊರಿಗೊಂದು ಕುಲುಮೆ, ಗಾಳಿಯಾಡುವ ಚಪ್ಪರ, ಹಗ್ಗದ ಅಳತೆಯ ಕೆಲಸ. ಲೋಹದ ಧೂಳು ಜನರ ಗುಂಪುಗಳಿಗೇ ಒಟ್ಟಾಗಿ ತಗುಲುವಂತಾದದ್ದು ಉಕ್ಕಿನ ಯುಗ ಬಂದ ಮೇಲೆ.

19ನೇ ಶತಮಾನದ ಮಧ್ಯದಲ್ಲಿ ಬೆಸೆಮರ್ ವಿಧಾನದಿಂದ ಉಕ್ಕು ಅಗ್ಗವಾಯಿತು. ಆ ಉಕ್ಕು ಗಟ್ಟಿಯಾಗಿ ನಿಲ್ಲಬೇಕಾದರೆ ಮ್ಯಾಂಗನೀಸ್ ಬೆರೆಸಲೇಬೇಕು. ರೈಲುಹಳಿ, ಹಡಗು, ಫಿರಂಗಿ ಎಲ್ಲದಕ್ಕೂ ಅದು ಬೇಕಾಯಿತು. ಭಾರತದಲ್ಲಿ ಮೊದಲು 1892ರಲ್ಲಿ ವಿಜಯನಗರಂ ಸೀಮೆಯಲ್ಲಿ ಅದಿರು ಅಗೆಯಲಾರಂಭಿಸಿದರು. 20ನೇ ಶತಮಾನದ ಮೊದಲ ದಶಕದಲ್ಲಿ ಶಿವಮೊಗ್ಗೆಯ ಕುಂಸಿಯಲ್ಲೂ ಗಣಿ ತೆರೆಯಿತು. ಭೂವಿಜ್ಞಾನಿ ಫರ್ಮರ್ 1909ರಲ್ಲಿ ಭಾರತದ ಮ್ಯಾಂಗನೀಸ್ ಅದಿರಿನ ಮೇಲೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ಜಗತ್ತಿಗೆ ಅದಿರು ಕೊಡುವ ದೇಶಗಳ ಮುಂಚೂಣಿಯಲ್ಲಿ ಆಗ ಭಾರತ ನಿಂತಿತ್ತು. ಕುಂಸಿಯ ಅದಿರೂ ಸಂಡೂರಿನ ಅದಿರೂ ಇರುವ ಬಂಡೆಗಳಿಗೆ ಭೂವಿಜ್ಞಾನದಲ್ಲಿ ಧಾರವಾಡ ಶಿಲೆಗಳೆಂದೇ ಹೆಸರು. 19ನೇ ಶತಮಾನದ ಕೊನೆಯಲ್ಲಿ ರಾಬರ್ಟ್ ಬ್ರೂಸ್ ಫುಟ್ ಇಟ್ಟ ಹೆಸರು ಅದು. ಸಂಡೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಕಂಪನಿಯ ಹೆಸರಿನಲ್ಲೇ ಮ್ಯಾಂಗನೀಸ್ ಸೇರಿಕೊಂಡಿತು.

ಕಾಯಿಲೆಯ ಅರಿವು ಕಾನೂನಿಗೆ ಇರಲಿಲ್ಲವೆ? ಇತ್ತು. 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ ಮ್ಯಾಂಗನೀಸ್ ವಿಷಬಾಧೆಯನ್ನು ವೈದ್ಯರು ಕಡ್ಡಾಯವಾಗಿ ಸರ್ಕಾರಕ್ಕೆ ತಿಳಿಸಬೇಕಾದ ರೋಗಗಳ ಸಾಲಿಗೆ ಸೇರಿಸಲಾಗಿತ್ತು. 1952ರ ಗಣಿ ಕಾಯ್ದೆಯ ಅಡಿಯಲ್ಲೂ ನರಗಳಿಗೆ ತಗಲುವ ಮ್ಯಾಂಗನೀಸ್ ಬಾಧೆ ಅದೇ ದಶಕದಲ್ಲಿ ಅಧಿಸೂಚಿತ ರೋಗವಾಯಿತು. ಕಾಗದದ ಮೇಲೆ ನಾವು ಹಿಂದುಳಿದವರಲ್ಲ.

ಅದೇ ಹೊತ್ತಿನಲ್ಲಿ ಬಡದೇಶಗಳ ಗಣಿಗಳಿಂದ ನಿಜವಾದ ವರದಿಗಳು ಬರತೊಡಗಿದ್ದವು. 1955ರಲ್ಲಿ ರೋಡಿಯೆ ಎಂಬ ವೈದ್ಯ ಮೊರಾಕ್ಕೊದ ಗಣಿಗಳ ನೂರೈವತ್ತು ರೋಗಿಗಳ ವಿವರ ಕೊಟ್ಟ. ಬಂಡೆಗೆ ರಂಧ್ರ ಕೊರೆಯುವವರೇ ಹೆಚ್ಚಾಗಿ ಬೀಳುತ್ತಿದ್ದರು. ಚಿಲಿಯ ಗಣಿಗಾರರು ಕಾಯಿಲೆಯ ಮೊದಲ ಹಂತಕ್ಕೆ ಮ್ಯಾಂಗನೀಸಿನ ಹುಚ್ಚು ಎಂದೇ ಹೆಸರಿಟ್ಟಿದ್ದರು. ಕಾರಣವಿಲ್ಲದ ನಗು, ಅಳು, ಜಗಳ. ಅದು ಕಳೆದ ಮೇಲೆ ಮುಖ ಕಲ್ಲಾಗುವುದು, ಹಿಂದಕ್ಕೆ ಹೆಜ್ಜೆ ಇಡಲು ಬಾರದಾಗುವುದು, ಹಿಮ್ಮಡಿ ನೆಲಕ್ಕೂರದೆ ಹುಂಜದ ಹಾಗೆ ತುದಿಗಾಲಲ್ಲಿ ನಡೆಯುವುದು.

ಇದು ಪಾರ್ಕಿನ್ಸನ್ ಕಾಯಿಲೆಯೇ? ಓದುಗರು ಇಲ್ಲಿ ಸ್ವಲ್ಪ ತಾಳ್ಮೆ ತೋರಬೇಕು, ಏಕೆಂದರೆ ಉತ್ತರ ಹೌದು–ಅಲ್ಲ ಎರಡೂ ಆಗಿದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಯುವುದು ಮಿದುಳಿನ ಬುಡದಲ್ಲಿರುವ ಕಪ್ಪು ಬಣ್ಣದ ಒಂದು ಸಣ್ಣ ಪ್ರದೇಶದ ಕೋಶಗಳು. ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವುದು ಅವುಗಳ ಕೆಲಸ. ಆ ಕೋಶಗಳು ಮುಕ್ಕಾಲು ಪಾಲು ತೀರುವ ಹೊತ್ತಿಗೆ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ. ಮ್ಯಾಂಗನೀಸ್ ಮುಖ್ಯವಾಗಿ ಕೂರುವುದು ಅದರ ಪಕ್ಕದ ಇನ್ನೊಂದು ಭಾಗದಲ್ಲಿ. ಹೀಗಾಗಿ ಮ್ಯಾಂಗನೀಸ್ ಬಾಧೆ ಪಾರ್ಕಿನ್ಸನ್ನಿನ ಅಣ್ಣತಮ್ಮನಂತೆ ಕಂಡರೂ ಮೂಲ ಬೇರೆ. ಅದರಲ್ಲಿ ನಡುಕ ಕಡಿಮೆ, ಬಿಗಿತ ಹೆಚ್ಚು, ಔಷಧಕ್ಕೆ ಬಗ್ಗುವುದು ಕಡಿಮೆ. ಬೆಸುಗೆ ಕೆಲಸಗಾರರಲ್ಲಿ ಅಸಲಿ ಪಾರ್ಕಿನ್ಸನ್ ಹೆಚ್ಚಾಗುತ್ತದೆಯೇ ಎಂಬ ಬಗ್ಗೆ ವಿಜ್ಞಾನಿಗಳ ವಾದ ಇನ್ನೂ ಮುಗಿದಿಲ್ಲ. ಸೀಸದ ಮೇಲಿನ ಅನುಮಾನವೂ ಇದೆ. ಅದು ಮೂಳೆಯೊಳಗೆ ದಶಕಗಟ್ಟಲೆ ಅಡಗಿ ಕೂರುವ ಲೋಹ. ಭಾರತದಲ್ಲಿ ಸೀಸ ಬೆರೆತ ಪೆಟ್ರೋಲು ನಿಂತದ್ದು 2000ದಲ್ಲಿ. ಅದಕ್ಕೂ ಮುಂಚೆ ಅದರ ಹೊಗೆ ಕುಡಿದವರ ಮೂಳೆಗಳು ಈಗ ವಯಸ್ಸಾಗುತ್ತಿವೆ.

ಹೊರಗಿನ ವಸ್ತುವೊಂದು ಅದೇ ಕಪ್ಪು ಕೋಶಗಳನ್ನು ಕೊಲ್ಲಬಲ್ಲದು ಎಂಬುದು ಮಾತ್ರ ಸಿದ್ಧವಾಗಿದೆ. 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಳ್ಳತನದಿಂದ ತಯಾರಿಸಿದ ಮಾದಕವಸ್ತು ಚುಚ್ಚಿಕೊಂಡ ಕೆಲವು ತರುಣರು ಕೆಲವೇ ದಿನಗಳಲ್ಲಿ ಮುದುಕರಂತೆ ಮರಗಟ್ಟಿದರು. ಅದರಲ್ಲಿದ್ದ ಎಂಪಿಟಿಪಿ ಎಂಬ ಕಲ್ಮಶವೇ ಕಾರಣವೆಂದು ವೈದ್ಯ ಲ್ಯಾಂಗ್‌ಸ್ಟನ್ ಮತ್ತು ಸಂಗಡಿಗರು 1983ರಲ್ಲಿ ತೋರಿಸಿದರು. ಪಾರ್ಕಿನ್ಸನ್ ಎಂದರೆ ಕೇವಲ ಮುಪ್ಪಿನ ಫಲವೆಂಬ ನಂಬಿಕೆ ಅಲುಗಾಡಿದ್ದು ಆಗ.

ಈ ಕಥೆಯಲ್ಲಿ ನನಗೆ ಬಹಳ ಸ್ವಾರಸ್ಯವೆನಿಸಿದ ಭಾಗಕ್ಕೆ ಈಗ ಬರುತ್ತೇನೆ. ಪಾರ್ಕಿನ್ಸನ್ನಿಗೆ ಇವತ್ತಿಗೂ ಮುಖ್ಯ ಔಷಧವೆಂದರೆ ಎಲ್-ಡೋಪಾ. ಅದನ್ನು ಬಳಕೆಗೆ ತಂದವನು ಮ್ಯಾಂಗನೀಸಿನ ಬೆನ್ನು ಹತ್ತಿದ್ದ ವ್ಯಕ್ತಿ. ಗ್ರೀಸಿನಲ್ಲಿ ಹುಟ್ಟಿ ಅಮೆರಿಕೆಯ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿದ್ದ ಜಾರ್ಜ್ ಕೊಟ್ಜಿಯಾಸ್ ಮೈಯಲ್ಲಿ ಮ್ಯಾಂಗನೀಸ್ ಹೇಗೆ ಸಂಚರಿಸುತ್ತದೆಂದು ವರ್ಷಗಟ್ಟಲೆ ಅಭ್ಯಾಸ ಮಾಡಿದ. ಚಿಲಿಯ ಗಣಿಗಾರರನ್ನೂ ಪರೀಕ್ಷಿಸಿದ. ಮಿದುಳಿನ ಕಪ್ಪು ಬಣ್ಣ, ಲೋಹ, ನಡುಕ ಇವುಗಳ ನಂಟನ್ನು ಯೋಚಿಸುತ್ತ ಆತ ಡೋಪಾ ಕೊಟ್ಟು ನೋಡಲು ಹೊರಟ. ವಿಯೆನ್ನಾದಲ್ಲಿ ಇತರರು ಅದನ್ನು ಸಣ್ಣ ಪ್ರಮಾಣದಲ್ಲಿ ಮೊದಲೇ ಪ್ರಯತ್ನಿಸಿದ್ದರು. ಕೊಟ್ಜಿಯಾಸ್ ನಿಧಾನವಾಗಿ ಏರಿಸುತ್ತ ದೊಡ್ಡ ಪ್ರಮಾಣಕ್ಕೆ ಒಯ್ದ. 1967ರಲ್ಲಿ ಫಲಿತಾಂಶ ಹೊರಬಿತ್ತು. ಕುರ್ಚಿಗೆ ಅಂಟಿಕೊಂಡವರು ಎದ್ದು ನಡೆದರು. 1970ರಲ್ಲಿ ಆತನೂ ಸಂಗಡಿಗರೂ ಚಿಲಿಯ ಮ್ಯಾಂಗನೀಸ್ ರೋಗಿಗಳಿಗೂ ಅದನ್ನು ಕೊಟ್ಟು ವರದಿ ಮಾಡಿದರು. ಜಗತ್ತಿನ ಲಕ್ಷಾಂತರ ಮುದುಕರ ಕೈ ಹಿಡಿದ ಔಷಧ ಹೀಗೆ ಬಡ ಗಣಿಗಾರರ ಕಾಯಿಲೆಯ ದಾರಿಯಿಂದ ಬಂತು.

ಆ ಡೋಪಾ ಹಾನಗಲ್ಲ ಕಡೆಯ ಬೇಲಿಗಳಲ್ಲೂ ಬೆಳೆಯುತ್ತದೆ. ನಸುಗುನ್ನಿಯ ಬಳ್ಳಿಯನ್ನು ಅರಿಯದವರು ಯಾರು? ಹುಡುಗರು ಜಗಳವಾದಾಗ ಒಬ್ಬರ ಮೇಲೊಬ್ಬರು ಅದರ ಕಾಯಿಯ ರೋಮ ಎರಚಿ ಮೈ ಪರಚಿಕೊಳ್ಳುವಂತೆ ಮಾಡುತ್ತಿದ್ದರು. ಆ ಕಾಯಿಯೊಳಗಿನ ಬೀಜದಿಂದ ಎಲ್-ಡೋಪಾವನ್ನು ಮದರಾಸಿನಲ್ಲಿ ಡಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಬೇರ್ಪಡಿಸಿದ್ದು 1937ರಲ್ಲಿ, ಕೊಟ್ಜಿಯಾಸನ ಪ್ರಯೋಗಕ್ಕೆ ಮೂವತ್ತು ವರ್ಷ ಮೊದಲು. ಅದು ಯಾವ ಕಾಯಿಲೆಗೆ ಬೇಕೆಂದು ಆಗ ಯಾರಿಗೂ ಗೊತ್ತಿರಲಿಲ್ಲ. 1970ರ ದಶಕದಲ್ಲಿ ಮುಂಬಯಿಯ ಅಶೋಕ ವೈದ್ಯ ಮತ್ತು ಸಂಗಡಿಗರು ನಸುಗುನ್ನಿ ಬೀಜದ ಪುಡಿಯನ್ನು ರೋಗಿಗಳಿಗೆ ಕೊಟ್ಟು 1978ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾತ್ರೆಗೆ ಹಣವಿಲ್ಲದ ದೇಶಗಳಿಗೆ ಇದು ನೆರವಾದೀತೆಂದು ಬೊಲಿವಿಯಾದಲ್ಲಿ ಹದಿನೆಂಟು ರೋಗಿಗಳ ಮೇಲೆ ನಡೆದ ಪ್ರಯೋಗದ ವರದಿ 2017ರಲ್ಲಿ ಬಂತು. ಒಂದು ಹೊತ್ತಿನ ಪರಿಣಾಮದಲ್ಲಿ ಹುರಿದ ಬೀಜದ ಪುಡಿ ಮಾತ್ರೆಗೆ ಸಮನಾಗಿ ನಿಂತಿತು. ಆದರೆ ಮರುವರ್ಷ ಅದನ್ನೇ ದಿನವೂ ಸೇವಿಸಿ ನೋಡಿದ ಹದಿನಾಲ್ಕು ಜನರಲ್ಲಿ ಅರ್ಧದಷ್ಟು ಮಂದಿ ಹೊಟ್ಟೆಯ ತೊಂದರೆ ಮೊದಲಾದ ಕಾರಣಕ್ಕೆ ಬಿಟ್ಟುಬಿಟ್ಟರು. ಬೇಲಿಯ ಬೀಜವನ್ನು ಹುರಿದು ತಿನ್ನಲು ಹೊರಡುವವರು ಈ ಎರಡನೆಯ ವರದಿಯನ್ನೂ ನೆನಪಿಡುವುದು ಲೇಸು. ಬೀಜದಿಂದ ಬೀಜಕ್ಕೆ ಡೋಪಾದ ಅಂಶ ಬೇರೆಯಾಗುತ್ತದೆ, ಹೆಚ್ಚಾದರೆ ಬುದ್ಧಿ ಭ್ರಮಿಸುವುದೂ ಉಂಟು.

ಔಷಧದ ಮಾತಿನ ಜೊತೆಗೆ ಇನ್ನೊಂದು. ನಾಟಿ ಔಷಧವೆಂದು ಮಾರುವ ಕೆಲವು ಡಬ್ಬಿಗಳಲ್ಲಿ ಲೋಹವೇ ಇರುತ್ತದೆ. ಅಮೆರಿಕೆಯ ಬಾಸ್ಟನ್ ಸುತ್ತಲಿನ ದಕ್ಷಿಣ ಏಷ್ಯಾದವರ ಅಂಗಡಿಗಳಿಂದ ಕೊಂಡ ಎಪ್ಪತ್ತು ಆಯುರ್ವೇದ ತಯಾರಿಕೆಗಳನ್ನು ಪರೀಕ್ಷಿಸಿದಾಗ ಹದಿನಾಲ್ಕರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡಿತೆಂದು 2004ರಲ್ಲಿ ವರದಿಯಾಯಿತು. ನಡುಕಕ್ಕೆ ಮದ್ದು ಹುಡುಕುವವನು ಇಂಥದ್ದಕ್ಕೆ ಕೈ ಹಾಕಬಾರದು.

ಗಣಿಯಿಲ್ಲದ ಈ ನಾಲ್ಕು ತಾಲ್ಲೂಕುಗಳಿಗೂ ಮ್ಯಾಂಗನೀಸಿಗೂ ಏನು ಸಂಬಂಧ ಎಂದು ಕೇಳಬಹುದು. ಮೊದಲು ತಿಳಿಯಬೇಕಾದದ್ದು, ಮ್ಯಾಂಗನೀಸ್ ವಿಷವೇ ಅಲ್ಲ. ಅಕ್ಕಿ, ಕಾಳು, ಚಹಾ ಎಲ್ಲದರಲ್ಲೂ ಅದಿದೆ, ಮೈಗೆ ಅದು ಅಲ್ಪ ಪ್ರಮಾಣದಲ್ಲಿ ಬೇಕೇ ಬೇಕು. ಹೊಟ್ಟೆಯ ಮೂಲಕ ಬಂದದ್ದನ್ನು ಕರುಳು ಅಳೆದು ಒಳಬಿಡುತ್ತದೆ, ಹೆಚ್ಚಾದದ್ದನ್ನು ಯಕೃತ್ತು ಪಿತ್ತದ ಜೊತೆ ಹೊರಹಾಕುತ್ತದೆ. ಉಸಿರಿನಲ್ಲಿ ಬಂದದ್ದಕ್ಕೆ ಈ ಕಾವಲುಗಾರರಿಲ್ಲ. ಅದು ನೇರ ರಕ್ತಕ್ಕೂ, ಮೂಗಿನ ನರದ ದಾರಿಯಿಂದ ಮಿದುಳಿಗೂ ಹೋಗಬಲ್ಲದು.

ಕರುಳಿನ ಕಾವಲುಗಾರನೂ ಬಡವರ ಮನೆಯಲ್ಲಿ ಮೋಸ ಹೋಗುತ್ತಾನೆ. ಕಬ್ಬಿಣವನ್ನು ಒಳಬಿಡುವ ಬಾಗಿಲೇ ಮ್ಯಾಂಗನೀಸಿಗೂ ಬಾಗಿಲು. ರಕ್ತಹೀನತೆಯಿಂದ ಮೈಯಲ್ಲಿ ಕಬ್ಬಿಣ ಕಡಿಮೆಯಾದರೆ ಕರುಳು ಆ ಬಾಗಿಲನ್ನು ಅಗಲವಾಗಿ ತೆರೆಯುತ್ತದೆ. ಆಗ ಕಬ್ಬಿಣದ ಜೊತೆ ಮ್ಯಾಂಗನೀಸೂ ನುಗ್ಗುತ್ತದೆ. ಒಂದೇ ಗಣಿಯಲ್ಲಿ ಒಬ್ಬನಿಗೆ ಬಾಧೆ ತಗಲಿ ಇನ್ನೊಬ್ಬನಿಗೆ ತಗಲದಿರುವುದೇಕೆಂದು ಹುಡುಕುತ್ತಿದ್ದ ಕೊಟ್ಜಿಯಾಸನ ತಂಡವೇ ರಕ್ತಹೀನರು ಹೆಚ್ಚು ಮ್ಯಾಂಗನೀಸ್ ಹೀರುತ್ತಾರೆಂದು 1969ರಲ್ಲಿ ತೋರಿಸಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ರಕ್ತಹೀನರು. ಶ್ರೀಮಂತ ದೇಶದ ಕೆಲಸಗಾರನನ್ನು ಲೆಕ್ಕಕ್ಕಿಟ್ಟುಕೊಂಡು ಹಾಕಿದ ಸುರಕ್ಷಿತ ಮಿತಿ ನಮ್ಮ ಹೊಲದ ಹೆಣ್ಣಾಳಿಗೆ ಅಷ್ಟೇ ಸುರಕ್ಷಿತವೆ? ಬಡದೇಶಗಳಲ್ಲಿ ಲೋಹದ ಅಪಾಯ ಕುರಿತ ಚರ್ಚೆಯ ತಿರುಳು ಈ ಪ್ರಶ್ನೆಯಲ್ಲಿದೆ ಎಂದು ನನಗೆ ಅನಿಸುತ್ತದೆ.

ನೀರಿನ ಮಾತು ಬಂದರೆ, ಜಪಾನಿನ ಒಂದು ಘಟನೆ ಪ್ರಸಿದ್ಧ. ಬಾವಿಯೊಂದರ ಪಕ್ಕದಲ್ಲಿ ಹೂತಿಟ್ಟ ನೂರಾರು ಹಳೆಯ ಬ್ಯಾಟರಿ ಶೆಲ್ಲುಗಳು ಕರಗಿ ನೀರಿಗಿಳಿದು, ಆ ನೀರು ಕುಡಿದ ಹದಿನಾರು ಮಂದಿ ಕಾಯಿಲೆ ಬಿದ್ದರು. ಇದರ ವರದಿ ಬಂದದ್ದು 1941ರಲ್ಲಿ. ನಮ್ಮಲ್ಲಿ ಕೆರೆ, ಸೇದುವ ಬಾವಿಗಳನ್ನು ಬಿಟ್ಟು ಬೋರಿನ ನೀರಿಗೆ ಬಂದಾಗ ಕಾಲರಾ, ನಾರುಹುಣ್ಣುಗಳು ಹಿಂದೆ ಸರಿದವು, ಅದು ದೊಡ್ಡ ಲಾಭ. ಆದರೆ ಗಾಳಿ ತಾಕದ ಆಳದ ನೀರಿನಲ್ಲಿ ಬಂಡೆಯ ಕಬ್ಬಿಣ, ಮ್ಯ‍ಾಂಗನೀಸ್ ಕರಗಿರುವುದುಂಟು. ಕೊಡದ ಒಳಗೆ ಕೆಂಪು ಕರೆ ಕಟ್ಟಿದರೆ ಕಬ್ಬಿಣ, ಕಪ್ಪು ಕರೆ ಕಟ್ಟಿದರೆ ಮ್ಯಾಂಗನೀಸ್ ಎಂದು ಅನುಮಾನಿಸಬೇಕು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 0.1 ಮಿಲಿಗ್ರಾಂ ತನಕ ಒಪ್ಪಬಹುದು, ಬೇರೆ ನೀರೇ ಇಲ್ಲದಿದ್ದರೆ 0.3ರ ತನಕ. ವಿಶ್ವ ಆರೋಗ್ಯ ಸಂಸ್ಥೆ ಹಿಂದೆ 0.4 ಎಂದಿದ್ದ ಮಿತಿಯನ್ನು ಕೈಬಿಟ್ಟು, ಕೂಸುಗಳನ್ನು ನೆನೆದು 2021ರಲ್ಲಿ ತಾತ್ಕಾಲಿಕವಾಗಿ 0.08ಕ್ಕೆ ಇಳಿಸಿದೆ. ಬಂಡೆ ಬದಲಾಗಿಲ್ಲ, ನೀರೂ ಬದಲಾಗಿಲ್ಲ, ತಿಳಿವಳಿಕೆ ಬದಲಾಯಿತು.

ಇನ್ನು ಹೊಲ. ಮೆಣಸಿನಕಾಯಿ ಬೆಳೆಯುವ ಈ ಸೀಮೆಯಲ್ಲಿ ‘ಎಣ್ಣಿ ಹೊಡಿಯೋದು’ ಎಂದರೆ ಏನೆಂದು ವಿವರಿಸಬೇಕಿಲ್ಲ. ಕಾಯಿ ಕೊಳೆಯುವ ರೋಗಕ್ಕೆ, ಎಲೆಯ ಚುಕ್ಕೆಗೆ ಬಳಸುವ ಹಳದಿ ಪುಡಿಯೊಂದಿದೆ. ಅಂಗಡಿಯಲ್ಲಿ ‘ಎಂ-45 ಕೊಡ್ರಿ’ ಎಂದರೆ ಸಾಕು. ಅದರ ನಿಜವಾದ ಹೆಸರು ಮ್ಯಾಂಕೋಜೆಬ್. ಹೆಸರಿನ ಮೊದಲಕ್ಷರದಲ್ಲೇ ಮ್ಯಾಂಗನೀಸ್ ಇದೆ. ಶುದ್ಧ ಮ್ಯಾಂಕೋಜೆಬ್‌ನ ತೂಕದಲ್ಲಿ ಐದರಲ್ಲೊಂದು ಪಾಲು ಅದೇ ಲೋಹ, ಜೊತೆಗೆ ಚೂರು ಸತು. ಸವಣೂರಿನ ಹೆಸರುವಾಸಿ ಎಲೆಯ ಬಳ್ಳಿಗೆ ಕೊಳೆರೋಗ ಬಂದರೆ ಬಳಸುವ ಮೈಲುತುತ್ತದಲ್ಲಿ ತಾಮ್ರವಿದ್ದಂತೆ ಇದು. ಹಳ್ಳೂರಿನ ಕಬ್ಬಿಣ ಬಾಣದ ತುದಿಯಲ್ಲಿತ್ತು, ಈ ಲೋಹ ಮಂಜಾಗಿ ಗಾಳಿಯಲ್ಲಿ ತೇಲುತ್ತದೆ.

ಮ್ಯಾಂಕೋಜೆಬ್‌ನ ಅಕ್ಕನಂತಿರುವ ಮ್ಯಾನೆಬ್ ಎಂಬ ಪುಡಿಯ ಬಗ್ಗೆ ಬ್ರೆಜಿಲ್‌ನಿಂದ 1988ರಲ್ಲಿ ಒಂದು ವರದಿ ಬಂತು. ಅದನ್ನು ಬಹುಕಾಲ ಬಳಸಿದ ಇಬ್ಬರು ಗಂಡಸರಲ್ಲಿ ನರರೋಗದ ಚಿಹ್ನೆಗಳು ಕಂಡದ್ದೇ ಕಾರಣವಾಗಿ ಅಲ್ಲಿನ ವೈದ್ಯರು ಹೊಲದ ಕೂಲಿಗಳನ್ನು ಪರೀಕ್ಷಿಸಿದರು. ಪುಡಿ ಮುಟ್ಟದವರಿಗಿಂತ ಮುಟ್ಟಿದವರಲ್ಲಿ ಹಲ್ಲಿನ ಚಕ್ರ ತಿರುಗಿದಂತೆ ತಡೆತಡೆದು ಬಗ್ಗುವ ಕೀಲು, ಆಯಾಸ, ಮರೆವು ಹೆಚ್ಚಾಗಿದ್ದವು. ಮ್ಯಾಂಕೋಜೆಬ್‌ಗೆ ಐರೋಪ್ಯ ಒಕ್ಕೂಟ 2020ರ ಕೊನೆಯಲ್ಲಿ ಅನುಮತಿ ಮುಂದುವರಿಸಲಿಲ್ಲ. ಅದಕ್ಕೆ ಕೊಟ್ಟ ಕಾರಣಗಳು ಸಂತಾನಶಕ್ತಿ ಮತ್ತು ಹಾರ್ಮೋನುಗಳಿಗೆ ಸಂಬಂಧಿಸಿದವು, ನಡುಕಕ್ಕಲ್ಲ ಎಂಬುದನ್ನೂ ಹೇಳಬೇಕು. ಅದೇ 2020ರ ಮೇ ತಿಂಗಳಲ್ಲಿ ಭಾರತ ಸರ್ಕಾರ ನಿಷೇಧಿಸಲು ಯೋಚಿಸಿದ 27 ಕೀಟನಾಶಕಗಳ ಕರಡು ಪಟ್ಟಿಯಲ್ಲಿ ಅದೂ ಇತ್ತು. ಆ ಪಟ್ಟಿಯ ಬಹುಪಾಲು ವಸ್ತುಗಳಂತೆ ಅದೂ ನಿಷೇಧದಿಂದ ಪಾರಾಯಿತು. ಎಂ-45 ಹೊಡೆದವರಿಗೆಲ್ಲ ಪಾರ್ಕಿನ್ಸನ್ ಬರುತ್ತದೆಂದು ಯಾರೂ ಹೇಳಿಲ್ಲ, ನಾನೂ ಹೇಳುತ್ತಿಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು, ಬಾಯಿಗೆ ಟವೆಲನ್ನೂ ಸುತ್ತದೆ, ಬರಿಗೈಯಲ್ಲಿ ಪುಡಿ ಕಲಸುವವರನ್ನು ಇಪ್ಪತ್ತು ವರ್ಷಗಳ ಮೇಲೆ ಯಾರು ಪರೀಕ್ಷಿಸುತ್ತಾರೆ ಎಂಬುದಷ್ಟೇ ಮಾತು.

ಹೆದ್ದಾರಿ ಹಾದುಹೋಗುವ ಶಿಗ್ಗಾಂವಿಯಂಥ ಊರುಗಳಲ್ಲಿ ಲೋಹದ ಇನ್ನೊಂದು ಮುಖವಿದೆ. ಟ್ರೇಲರು, ಗೇಟು, ಕಿಟಕಿ ಬೆಸೆಯುವ ವೆಲ್ಡಿಂಗ್ ಅಂಗಡಿಗಳು. ಬೆಸುಗೆಯ ಕಡ್ಡಿಯಲ್ಲೂ ಬೆಸೆಯುವ ಉಕ್ಕಿನಲ್ಲೂ ಮ್ಯಾಂಗನೀಸ್ ಇರುತ್ತದೆ, ಅದು ಕಣ್ಣಿಗೆ ಕಾಣದಷ್ಟು ನುಣ್ಣಗಾಗಿ ಹೊಗೆಯಲ್ಲಿ ಏಳುತ್ತದೆ. ಕಪ್ಪು ಕನ್ನಡಕ ಕಣ್ಣನ್ನು ಕಾಯುತ್ತದೆ, ಮೂಗನ್ನಲ್ಲ. 1948ರ ಕಾಯ್ದೆ ಮ್ಯಾಂಗನೀಸ್ ಬಾಧೆಯನ್ನು ಹೆಸರಿಸಿತ್ತು ಎಂದೆನಲ್ಲ, ಆದರೆ ವಿದ್ಯುತ್ ಬಳಸಿ ಹತ್ತು ಜನ ದುಡಿಯುವ ಜಾಗ ಮಾತ್ರ ಅದರ ಲೆಕ್ಕದಲ್ಲಿ ಕಾರ್ಖಾನೆ. ಅದರ ಬದಲಿಗೆ ಬಂದ 2020ರ ಸಂಹಿತೆ ಆ ಹತ್ತನ್ನು ಇಪ್ಪತ್ತಕ್ಕೆ ಏರಿಸಿತು. ಮಾಲೀಕನೂ ಸೇರಿ ಮೂರು ಜನರಿರುವ ತಗಡಿನ ಶೆಡ್ಡು ಎರಡೂ ಲೆಕ್ಕದ ಹೊರಗೆ. ಸಾವಿರ ಜನರ ಕಾರ್ಖಾನೆಯಲ್ಲಿ ಒಬ್ಬನಿಗೆ ಕೈ ನಡುಗಿದರೆ ಕಡತವಾದರೂ ಆಗುತ್ತದೆ. ಮುನ್ನೂರು ಶೆಡ್ಡುಗಳಲ್ಲಿ ಹರಡಿದ ಸಾವಿರ ಜನರಿಗೆ ಆ ಭಾಗ್ಯವಿಲ್ಲ.

ಹಾಗಾದರೆ ನಮ್ಮಲ್ಲಿ ಪಾರ್ಕಿನ್ಸನ್ ರೋಗಿಗಳು ಎಷ್ಟು? ಬೆಂಗಳೂರಿನ ನಿಮ್ಹಾನ್ಸ್‌ನ ಗೌರಿದೇವಿ, ಗುರುರಾಜ್ ಮತ್ತಿತರ ವೈದ್ಯರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 1,02,557 ಜನರ ನಡುವೆ ನರರೋಗಿಗಳನ್ನು ಎಣಿಸಿದರು. 2004ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಒಟ್ಟು ನರರೋಗಗಳು ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು ಕಡಿಮೆ ಇಮ್ಮಡಿ. ಪಾರ್ಕಿನ್ಸನ್ ರೋಗಿಗಳ ಸಂಖ್ಯೆ ಮಾತ್ರ ಲಕ್ಷಕ್ಕೆ ಮೂವತ್ತರ ಆಸುಪಾಸು. ಮುಂಬಯಿಯ ಪಾರ್ಸಿ ಕಾಲೊನಿಗಳಲ್ಲಿ ಭರೂಚಾ ಮತ್ತು ಸಂಗಡಿಗರು ಎಣಿಸಿ 1988ರಲ್ಲಿ ಪ್ರಕಟಿಸಿದಾಗ ಅದು ಲಕ್ಷಕ್ಕೆ 328 ಆಗಿತ್ತು. ಹತ್ತು ಪಟ್ಟು!

ಈ ಅಂತರ ರಕ್ತದ್ದೋ, ಎಣಿಕೆಯದ್ದೋ? ಪಾರ್ಸಿಗಳು ದೀರ್ಘಾಯುಗಳು, ಅವರಲ್ಲಿ ಮುದುಕರ ಪಾಲು ಹೆಚ್ಚು, ವೈದ್ಯರು ಹತ್ತಿರದಲ್ಲಿದ್ದರು. ವಂಶದ ಪಾತ್ರವೂ ಇರಬಹುದು. ನಿಮ್ಹಾನ್ಸ್‌ನಲ್ಲೇ ಉದಯ ಮುಥಾಣೆ, ಎಸ್.ಕೆ. ಶಂಕರ್ ಮತ್ತು ಸಂಗಡಿಗರು ಬೇರೆ ಕಾರಣಗಳಿಂದ ಸತ್ತವರ ಮಿದುಳುಗಳಲ್ಲಿ ಆ ಕಪ್ಪು ಕೋಶಗಳನ್ನು ಎಣಿಸಿ 1998ರಲ್ಲಿ ಬೆರಗಿನ ಸಂಗತಿಯೊಂದನ್ನು ಹೇಳಿದರು. ಭಾರತೀಯರ ಮಿದುಳಿನಲ್ಲಿ ಆ ಕೋಶಗಳು ಬ್ರಿಟಿಷರಲ್ಲಿರುವುದಕ್ಕಿಂತ ಸುಮಾರು ಶೇಕಡ 40ರಷ್ಟು ಕಡಿಮೆ, ಆದರೆ ವಯಸ್ಸಾದಂತೆ ಅವು ಕ್ಷೀಣಿಸುವುದೂ ಇಲ್ಲ. ಅಂದರೆ ಮುಪ್ಪು ಬಂದ ಮಾತ್ರಕ್ಕೆ ಈ ಕೋಶಗಳು ಸಾಯಲೇಬೇಕೆಂಬ ನಿಯಮ ನಮ್ಮಲ್ಲಿ ಕಾಣಲಿಲ್ಲ. ಹೀಗಿರುವಾಗ ಕಟ್ಟೆಯ ಮೇಲಿನ ಹಿರಿಯರ ನಡುಕವನ್ನು ‘ವಯಸ್ಸಾತು, ಇನ್ನೇನು’ ಎಂದು ತಳ್ಳಿಹಾಕುವುದಕ್ಕೆ ವಿಜ್ಞಾನದ ಆಧಾರವಿಲ್ಲ. 2016ರಲ್ಲಿ ಜಗತ್ತಿನಲ್ಲಿ 61 ಲಕ್ಷ, ಭಾರತದಲ್ಲಿ 5.8 ಲಕ್ಷ ಪಾರ್ಕಿನ್ಸನ್ ರೋಗಿಗಳಿದ್ದರೆಂದು ಅಂದಾಜು. 1990ರಲ್ಲಿ ಜಗತ್ತಿನ ಸಂಖ್ಯೆ 25 ಲಕ್ಷವಿತ್ತು. ಆಯಸ್ಸು ಹೆಚ್ಚಿದಂತೆ ಹಾವೇರಿ ಜಿಲ್ಲೆಯ ಪಾಲೂ ಏರುವುದು ಖಂಡಿತ.

ಡೋಪಾ ಮಾತ್ರೆ ಈಗ ದುರ್ಲಭವಲ್ಲ. ಅವಶ್ಯಕ ಔಷಧಗಳ ಪಟ್ಟಿಯಲ್ಲಿ ಅದಿದೆ. ಕಷ್ಟವಿರುವುದು ಗುರುತಿಸುವಲ್ಲಿ. ನರರೋಗದ ತಜ್ಞರನ್ನು ಕಾಣಲು ಹಿರೇಕೆರೂರದವರು ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಬೇಕು. ಹೋಗುವ ಯೋಚನೆ ಬರುವುದು ಮೊದಲು ಇದು ಕಾಯಿಲೆ ಎಂದು ತಿಳಿದಾಗ. ಜೇಮ್ಸ್ ಪಾರ್ಕಿನ್ಸನ್ ಬೀದಿಯಲ್ಲಿ ನಿಂತು ಗುರುತಿಸಿದ್ದನ್ನು ಗುರುತಿಸಲು ಯಂತ್ರವೇನೂ ಬೇಡ. ಒಂದೇ ಕಡೆಯಿಂದ ಶುರುವಾಗುವ ನಡುಕ, ಸಣ್ಣದಾಗುತ್ತ ಹೋಗುವ ಕೈಬರಹ, ಬೀಸದ ಕೈ, ನಗದ ಮುಖ.

ಗುರುತಿಸಿದ ಮೇಲೆ ಕೇಳಬೇಕಾದ ಪ್ರಶ್ನೆಯೊಂದನ್ನು ಇಟಲಿಯ ರಾಮಾಜಿನಿ ಎಂಬ ವೈದ್ಯ 1700ರಲ್ಲೇ ಬರೆದಿಟ್ಟಿದ್ದಾನೆ. ಕಸುಬುದಾರರ ಕಾಯಿಲೆಗಳ ಮೇಲೆ ಆತ ಬರೆದ ಗ್ರಂಥದಲ್ಲಿ, ರೋಗಿಯನ್ನು ವೈದ್ಯ ಕೇಳುವ ಪ್ರಶ್ನೆಗಳ ಜೊತೆಗೆ ಇನ್ನೊಂದನ್ನು ಸೇರಿಸಬೇಕೆಂದು ಆತ ಹೇಳುತ್ತಾನೆ: ನಿಮ್ಮ ಕಸುಬು ಯಾವುದು? ನಮ್ಮ ಕಡೆಯ ಆಸ್ಪತ್ರೆಯಲ್ಲಿ ಇದನ್ನು ಕೇಳಿದರೆ ಹಿರಿಯರಿಂದ ಬರುವ ಉತ್ತರ ‘ಏನಿಲ್ರೀ, ಒಕ್ಕಲುತನ’ ಎಂದು. ಬೆನ್ನ ಮೇಲಿನ ಪಂಪಿನ ಸುದ್ದಿ ಆ ಮಾತಿನಲ್ಲಿ ಬರುವುದಿಲ್ಲ. ಅದನ್ನು ಇನ್ನೊಮ್ಮೆ ಕೇಳಿ ತಿಳಿಯಬೇಕಾಗುತ್ತದೆ.